ಆಲ್ಬಮ್ ನಂಬರ್ ಒನ್, ಹಾಡು 90ನೇ ಸ್ಥಾನ: ಕೆ-ಪಾಪ್‌ನ ಹೊರದೇಶದ ಜನಪ್ರಿಯತೆಯನ್ನ ಅಳೆಯೋದು ಹೇಗೆ

ಮಾಧ್ಯಮ ಅಧ್ಯಯನದಲ್ಲಿ ಜಾಗತೀಕರಣದ ಪಾಠಕ್ಕೆ ಕೆ-ಪಾಪ್ (ದಕ್ಷಿಣ ಕೊರಿಯಾದ ಪಾಪ್ ಸಂಗೀತ) ಉದಾಹರಣೆ ತಗೊಂಡಿರೋರಿಗೆ ಈ ಟಿಪ್ಪಣಿ. ಇತಿಹಾಸದ ಭಾಗ ಎಲ್ಲಾ ಕಡೆ ಸಿಗುತ್ತೆ, ಅದನ್ನ ಬೇಗ ಮುಗಿಸ್ತೀನಿ. ನನಗೆ ಕಗ್ಗಂಟಾಗಿದ್ದು ಚಾರ್ಟ್ ಲೆಕ್ಕ, ಅದು ಈಗಷ್ಟೇ ಬಿಡಿಸ್ಕೊಂಡಿದೆ, ತಲೇಲಿ ಬಿಸಿ ಇರುವಾಗಲೇ ಬರೆದಿಡ್ತೀನಿ.

ಈ ಪ್ರಶ್ನೆ ಇಟ್ಕೊಂಡು ಓದಿ. 2023ರ ನವೆಂಬರ್‌ನಲ್ಲಿ ಸ್ಟ್ರೇ ಕಿಡ್ಸ್ ಅನ್ನೋ ಕೊರಿಯನ್ ಗುಂಪಿನ 'ರಾಕ್-ಸ್ಟಾರ್' ಆಲ್ಬಮ್, ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್ ವಾರ ವಾರ ಹಾಕೋ ಆಲ್ಬಮ್ ಪಟ್ಟಿ ಬಿಲ್‌ಬೋರ್ಡ್ 200ಕ್ಕೆ ನೇರ ನಂಬರ್ ಒನ್ ಆಗಿ ಬಂತು. ಅದೇ ವಾರ ಅದೇ ಆಲ್ಬಮ್‌ನ ಮುಖ್ಯ ಹಾಡು 'ಲಾಲಾಲಾಲಾ' ಬಿಲ್‌ಬೋರ್ಡ್‌ನದ್ದೇ ಬಿಡಿ ಹಾಡುಗಳ ಹಾಟ್ 100 ಪಟ್ಟೀಲಿ 90ನೇ ಸ್ಥಾನ. ಅದಕ್ಕೂ ಮುಂಚೆ ಇವರ ಮೂರು ಆಲ್ಬಮ್ ನಂಬರ್ ಒನ್ ಆಗಿದ್ವು, ಆದ್ರೆ ಒಂದೇ ಒಂದು ಹಾಡೂ ಹಾಟ್ 100 ಒಳಗೆ ಕಾಲಿಟ್ಟಿರಲಿಲ್ಲ. ಹಾಗಾದ್ರೆ ಅಮೆರಿಕದಲ್ಲಿ ಇವರು ಜನಪ್ರಿಯರಾ ಅಲ್ವಾ?

ಹಿನ್ನೆಲೆ, ಬೇಗ ಬೇಗ

ದಕ್ಷಿಣ ಕೊರಿಯಾ ಜನಸಂಖ್ಯೆ ಸುಮಾರು 5 ಕೋಟಿ, ಅಂದ್ರೆ ನಮ್ಮ ಕರ್ನಾಟಕಕ್ಕಿಂತ ಕಮ್ಮಿ. ಅಷ್ಟು ಸಣ್ಣ ಮಾರ್ಕೆಟ್‌ನಲ್ಲಿ ವರ್ಷಗಟ್ಟಲೆ ಟ್ರೈನಿಂಗ್ ಕೊಟ್ಟು, ಡ್ಯಾನ್ಸು ಭಾಷೆ ಎಲ್ಲಾ ಕಲಿಸಿ ಒಂದು ಗುಂಪು ತಯಾರು ಮಾಡಿದ ಖರ್ಚು ಊರಲ್ಲೇ ವಾಪಸ್ ಬರೋದು ಕಷ್ಟ. 1995ರಲ್ಲಿ ಇಂಥಾ ಗುಂಪು ತಯಾರು ಮಾಡೋ ಎಸ್‌ಎಂ ಕಂಪನಿ ಶುರುವಾಯ್ತು, 1996ರಲ್ಲಿ ಅವರ ಎಚ್.ಒ.ಟಿ. ಗುಂಪು ಬಂತು, ಮರುವರ್ಷವೇ ಏಷ್ಯಾದ ಆರ್ಥಿಕ ಕುಸಿತ. ಆಮೇಲೆ ಹೊರಗಡೆ ಹೋಗೋದು ಆಸೆಗಿಂತ ಹೆಚ್ಚಾಗಿ ಅನಿವಾರ್ಯ ಆಯ್ತು. 2000ದಲ್ಲಿ ಎಚ್.ಒ.ಟಿ. ಬೀಜಿಂಗ್‌ನಲ್ಲಿ ಶೋ ಮಾಡಿದ್ರು, 2002ರಲ್ಲಿ ಬೋವಾ ಜಪಾನಿನ ಓರಿಕಾನ್ ಆಲ್ಬಮ್ ಪಟ್ಟೀಲಿ ಮೊದಲ ಸ್ಥಾನ ತಗೊಂಡ ಮೊದಲ ಕೊರಿಯನ್ ಗಾಯಕಿ ಆದ್ರು. 2011ರಲ್ಲಿ ಪ್ಯಾರಿಸ್‌ನಲ್ಲಿ ಎಸ್‌ಎಂ ಕಂಪನಿಯ ಶೋಗೆ ಟಿಕೆಟ್ ಸಾಲದೆ, ಇನ್ನೊಂದು ಶೋ ಬೇಕು ಅಂತ ಅಲ್ಲಿನ ಹುಡುಗ ಹುಡುಗಿಯರು ಲೂವ್ರ್ ಮ್ಯೂಸಿಯಂ ಎದುರು ಸೇರಿ ಕುಣಿದ್ರು, ಎರಡನೇ ಶೋ ಆಯ್ತು ಕೂಡ.

ಸರ್ಕಾರದ ಪಾತ್ರಕ್ಕೆ ಬಹಳ ಕಡೆ ದೊಡ್ಡ ಕ್ರೆಡಿಟ್ ಕೊಟ್ಟಿರ್ತಾರೆ. 1999ರಲ್ಲಿ ಸಂಸ್ಕೃತಿ ಉದ್ಯಮದ ಉತ್ತೇಜನಕ್ಕೆ ಕಾಯ್ದೆ ಬಂದಿದ್ದು ನಿಜ, ಹಣ ಕೊಟ್ಟಿದ್ದೂ ನಿಜ. ಆದ್ರೆ ನನ್ನ ಪ್ರಕಾರ ಅದು ಸಹಾಯ ಅಷ್ಟೇ, ದೂಡಿದ್ದು ಮಾರ್ಕೆಟ್ಟು. ಅದಕ್ಕೆ 2016 ನೋಡಿ: ಅಮೆರಿಕದ ಥಾಡ್ ಕ್ಷಿಪಣಿ ತಡೆ ವ್ಯವಸ್ಥೆಯನ್ನ ಕೊರಿಯಾದಲ್ಲಿ ಇಡೋದಕ್ಕೆ ಒಪ್ಪಿದ್ದಕ್ಕೆ ಚೀನಾ ಸಿಟ್ಟಾಗಿ, ಬಾಯಿಬಿಟ್ಟು ಹೇಳದೇನೇ ಕೊರಿಯನ್ ಶೋಗಳನ್ನ ನಿಲ್ಲಿಸಿಬಿಡ್ತು. ಅಷ್ಟು ದೊಡ್ಡ ಬಾಗಿಲು ಮುಚ್ಚಿದಾಗ ಕಂಪನಿಗಳು ಜಪಾನ್, ಆಗ್ನೇಯ ಏಷ್ಯಾ, ಅಮೆರಿಕದ ಕಡೆ ಇನ್ನೂ ಜೋರಾಗಿ ತಿರುಗಿದ್ವು. ಬಿಟಿಎಸ್ ಅನ್ನೋ ಕೊರಿಯನ್ ಗುಂಪು ಅಮೆರಿಕದಲ್ಲಿ ಏರಿದ್ದು ಇದರ ಬೆನ್ನಿಗೇ, 2017 ಮತ್ತು 2018ರಲ್ಲಿ.

ಈಗ ಕಗ್ಗಂಟು: ಎರಡು ಪಟ್ಟಿ, ಎರಡು ಲೆಕ್ಕ

ಸುದ್ದೀಲಿ 'ಬಿಲ್‌ಬೋರ್ಡ್ ನಂಬರ್ ಒನ್' ಅಂತ ಮಾತ್ರ ಬರುತ್ತೆ. ಯಾವ ಬಿಲ್‌ಬೋರ್ಡ್ ಅನ್ನೋದೇ ಮುಖ್ಯ. ಬಿಲ್‌ಬೋರ್ಡ್ 200 ಆಲ್ಬಮ್‌ಗಳದ್ದು, ಹಾಟ್ 100 ಬಿಡಿ ಹಾಡುಗಳದ್ದು. ಇಷ್ಟು ಗೊತ್ತಾದ್ರೆ ಸಾಲಲ್ಲ, ಎರಡಕ್ಕೂ ಅಂಕ ಬರೋ ದಾರಿಯೇ ಬೇರೆ, ನಾನು ಬಹಳ ಹೊತ್ತು ನಿಂತಿದ್ದು ಇಲ್ಲೇ. ಎರಡರಲ್ಲೂ ಅಮೆರಿಕದ ಒಳಗಿನ ಲೆಕ್ಕ ಮಾತ್ರ ತಗೋತಾರೆ ಅನ್ನೋದನ್ನ ಪಕ್ಕಕ್ಕೆ ಬರೆದಿಟ್ಕೊಳ್ಳಿ, ಕೊನೇಲಿ ಬೇಕಾಗುತ್ತೆ.

ಮೊದಲು ಆಲ್ಬಮ್ ಪಟ್ಟಿ. ಇಲ್ಲಿ ಎಲ್ಲವನ್ನೂ 'ಯೂನಿಟ್' ಅನ್ನೋ ಒಂದೇ ಅಳತೆಗೆ ತರ್ತಾರೆ. ಒಂದು ಆಲ್ಬಮ್ ಪೂರ್ತಿ ಮಾರಾಟ ಆದ್ರೆ 1 ಯೂನಿಟ್. ಆಲ್ಬಮ್‌ನ 10 ಬಿಡಿ ಹಾಡು ಡೌನ್‌ಲೋಡ್ ಮಾರಾಟ ಆದ್ರೆ ಅದೂ 1 ಯೂನಿಟ್. ಸ್ಟ್ರೀಮಿಂಗ್‌ಗೆ 2018ರ ಜುಲೈನಲ್ಲಿ ತಂದ ನಿಯಮದ ಪ್ರಕಾರ, ದುಡ್ಡು ಕಟ್ಟಿ ಕೇಳೋರು 1,250 ಸಲ ಆ ಆಲ್ಬಮ್‌ನ ಹಾಡುಗಳನ್ನ ಪ್ಲೇ ಮಾಡಿದ್ರೆ 1 ಯೂನಿಟ್, ಜಾಹೀರಾತು ಸಹಿಸ್ಕೊಂಡು ಫ್ರೀಯಾಗಿ ಕೇಳೋರಾದ್ರೆ 3,750 ಪ್ಲೇ ಆಗ್ಬೇಕು. ಈ ಅನುಪಾತ ಮೊದಲು ಬೇರೆ ಇತ್ತು, ಮತ್ತೆ ಮತ್ತೆ ತಿದ್ದುತ್ತಾರೆ, ಹಾಗಾಗಿ ಯಾವ ವರ್ಷದ ಆಲ್ಬಮ್ ನೋಡ್ತಿದ್ದೀರೋ ಆ ವರ್ಷದ ನಿಯಮ ತಗೊಳ್ಳಿ. ಕೆಳಗಿನ ಲೆಕ್ಕಕ್ಕೆ ನಾನು 2018ರದ್ದೇ ಇಟ್ಕೊಂಡಿದೀನಿ.

ಈ ಸಂಖ್ಯೆಗಳನ್ನ ಓದಿ ಮುಂದೆ ಹೋಗಿಬಿಡ್ಬೇಡಿ, ಪೆನ್ನು ತಗೊಂಡು ಒಂದ್ಸಲ ಮಾಡಿ. 10 ಹಾಡಿನ ಆಲ್ಬಮ್ ಇದೆ ಅಂದ್ಕೊಳ್ಳಿ. 1,250ನ್ನ 10ರಿಂದ ಭಾಗಿಸಿದ್ರೆ 125. ಅಂದ್ರೆ ದುಡ್ಡು ಕಟ್ಟಿ ಕೇಳೋ ಒಬ್ಬ ಕೇಳುಗ ಆ ಆಲ್ಬಮ್ಮನ್ನ ಮೊದಲಿಂದ ಕೊನೆವರೆಗೆ 125 ಸಲ ಕೇಳಿದ್ರೆ ಅದು ಅಂಗಡೀಲಿ ಒಂದು ಸಿಡಿ ಕೊಂಡಿದ್ದಕ್ಕೆ ಸಮ. ಒಂದೇ ವಾರದಲ್ಲಿ! ಈಗ ಕೆ-ಪಾಪ್‌ನಲ್ಲಿ ಪೂರ್ತಿ ಆಲ್ಬಮ್‌ಗಿಂತ ಮಿನಿ ಆಲ್ಬಮ್ ಜಾಸ್ತಿ, 6 ಹಾಡು ಇಟ್ಕೊಳ್ಳೋಣ. 1,250 ಭಾಗ 6, ಸುಮಾರು 208 ಸಲ. ಫ್ರೀಯಾಗಿ ಕೇಳೋರಾದ್ರೆ 3,750 ಭಾಗ 6, ಅಂದ್ರೆ 625 ಸಲ. ಹಾಡು ಕಮ್ಮಿ ಇದ್ದಷ್ಟೂ ಸ್ಟ್ರೀಮಿಂಗ್‌ನಿಂದ ಯೂನಿಟ್ ಗಳಿಸೋದು ಕಷ್ಟ, ಆದ್ರೆ ಸಿಡಿ ಮಾರಿದ್ರೆ 6 ಹಾಡಿದ್ರೂ 20 ಹಾಡಿದ್ರೂ ಅದೇ 1 ಯೂನಿಟ್.

ಇನ್ನೊಂದು ಹೆಜ್ಜೆ. ಕೆ-ಪಾಪ್ ಆಲ್ಬಮ್ ಅಂದ್ರೆ ಬರೀ ಸಿಡಿ ಅಲ್ಲ, ದಪ್ಪ ಬಾಕ್ಸು, ಒಳಗೆ ಫೋಟೋ ಪುಸ್ತಕ, ಪೋಸ್ಟರು, ಮತ್ತೆ ಗುಂಪಿನಲ್ಲಿರೋ ಯಾರಾದ್ರೂ ಒಬ್ಬರ ಫೋಟೋಕಾರ್ಡು. ಯಾರದ್ದು ಅಂತ ಬಾಕ್ಸ್ ತೆರೆಯೋವರೆಗೂ ಗೊತ್ತಾಗಲ್ಲ. ಒಂದೇ ಆಲ್ಬಮ್ಮು ಮೂರ್ನಾಲ್ಕು ಬೇರೆ ಬೇರೆ ಮುಖಪುಟದಲ್ಲಿ ಬರುತ್ತೆ, ಹಾಡುಗಳು ಅವೇ. ಒಬ್ಬ ಅಭಿಮಾನಿ ನಾಲ್ಕೂ ಕೊಂಡ್ರೆ 4 ಯೂನಿಟ್, ಅಂದ್ರೆ 5,000 ಪ್ಲೇಗೆ ಸಮ, ಅಂದ್ರೆ ಆ 6 ಹಾಡಿನ ಮಿನಿ ಆಲ್ಬಮ್ಮನ್ನ 800ಕ್ಕೂ ಹೆಚ್ಚು ಸಲ ಪೂರ್ತಿ ಕೇಳಿದ ಹಾಗೆ. ಅವರು ಒಂದು ಸಲನೂ ಕೇಳದೆ ಬಾಕ್ಸ್ ಕಪಾಟಲ್ಲಿ ಇಟ್ಟಿದ್ರೂ ಲೆಕ್ಕ ಬದಲಾಗಲ್ಲ.

ಇದನ್ನ ಮೋಸ ಅಂತ ಬರೀಬೇಡಿ ದಯವಿಟ್ಟು. ದುಡ್ಡು ಅವರದ್ದು, ಪ್ರೀತಿ ನಿಜವಾದದ್ದು, ತಿಂಗಳ ಖರ್ಚಲ್ಲಿ ಉಳಿಸಿ ಕೊಳ್ಳೋ ಮಕ್ಕಳಿದ್ದಾರೆ. ಆದ್ರೆ ಅದು ಏನನ್ನ ಅಳೀತಿದೆ ಅಂತ ಸರಿಯಾಗಿ ಹೇಳ್ಬೇಕು: ಎಷ್ಟು ಜನ ಕೇಳಿದ್ರು ಅನ್ನೋದಕ್ಕಿಂತ, ಹಚ್ಕೊಂಡಿರೋ ಜನ ಎಷ್ಟು ಗಾಢವಾಗಿ ಹಚ್ಕೊಂಡಿದ್ದಾರೆ ಅನ್ನೋದನ್ನ.

ನಿಜವಾದ ಸಂಖ್ಯೆ ನೋಡಿ. 2018ರ ಮೇನಲ್ಲಿ ಬಿಟಿಎಸ್‌ನ 'ಲವ್ ಯುವರ್‌ಸೆಲ್ಫ್: ಟಿಯರ್' ಬಿಲ್‌ಬೋರ್ಡ್ 200ರಲ್ಲಿ ಮೊದಲ ಸ್ಥಾನ ತಗೊಂಡ ಮೊದಲ ಕೊರಿಯನ್ ಆಲ್ಬಮ್ ಆಯ್ತು. ಮೊದಲ ವಾರ 1,35,000 ಯೂನಿಟ್, ಅದರಲ್ಲಿ 1,00,000 ನೇರ ಆಲ್ಬಮ್ ಮಾರಾಟ. 2020ರಲ್ಲಿ 'ಮ್ಯಾಪ್ ಆಫ್ ದಿ ಸೋಲ್: 7', 4,22,000 ಯೂನಿಟ್, ಅದರಲ್ಲಿ 3,47,000 ಮಾರಾಟ. ಭಾಗಿಸಿ ನೋಡಿ, ಮೊದಲನೆಯದರಲ್ಲಿ ಶೇ. 74, ಎರಡನೆಯದರಲ್ಲಿ ಶೇ. 82. ಆ ಕಾಲಕ್ಕೆ ಅಮೆರಿಕದ ದೊಡ್ಡ ರ‍್ಯಾಪ್ ಆಲ್ಬಮ್‌ಗಳಲ್ಲಿ ಹೆಚ್ಚಿನ ಪಾಲು ಬರ್ತಿದ್ದಿದ್ದು ಸ್ಟ್ರೀಮಿಂಗ್‌ನಿಂದ, ಕೆ-ಪಾಪ್‌ನಲ್ಲಿ ಪೂರ್ತಿ ಉಲ್ಟಾ.

ಹಾಟ್ 100 ಮತ್ತು ರೇಡಿಯೋ ಅನ್ನೋ ಗೋಡೆ

ಹಾಟ್ 100ರಲ್ಲಿ ಮೂರು ಸೇರುತ್ತೆ: ಸ್ಟ್ರೀಮಿಂಗ್, ಹಾಡಿನ ಮಾರಾಟ, ರೇಡಿಯೋ. ಅಮೆರಿಕದಲ್ಲಿ ಕಾರಲ್ಲಿ ಓಡಾಡೋ ಜನ ಈಗ್ಲೂ ರೇಡಿಯೋ ಕೇಳ್ತಾರೆ, ಯಾವ ಹಾಡು ಹಾಕ್ಬೇಕು ಅಂತ ತೀರ್ಮಾನಿಸೋದು ಸ್ಟೇಷನ್‌ನವರು, ಅಭಿಮಾನಿಗಳು ಎಷ್ಟು ಸಿಡಿ ಕೊಂಡ್ರೂ ಆ ತೀರ್ಮಾನ ಬದಲಾಗಲ್ಲ. ಕೊರಿಯನ್ ಭಾಷೆಯ ಹಾಡು ಅಂದ್ರೆ ಅವರು ಹಿಂದೆ ಸರೀತಾರೆ.

ಇದಕ್ಕೆ ಒಂದು ಜೋಡಿ ಸಾಕು, ಪರೀಕ್ಷೇಲಿ ಬರೆಯೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. ಬಿಟಿಎಸ್‌ನ 'ಡೈನಮೈಟ್' ಪೂರ್ತಿ ಇಂಗ್ಲಿಷ್ ಹಾಡು, 2020ರ ಆಗಸ್ಟ್‌ನಲ್ಲಿ ಬಂತು, ಹಾಟ್ 100ರಲ್ಲಿ ನಂಬರ್ ಒನ್. ಮೊದಲ ವಾರ ರೇಡಿಯೋದಲ್ಲಿ ಅದು ತಲುಪಿದ್ದು 1.16 ಕೋಟಿ ಕಿವಿಗಳಿಗೆ. ಅದೇ ವರ್ಷ ನವೆಂಬರ್‌ನಲ್ಲಿ 'ಲೈಫ್ ಗೋಸ್ ಆನ್' ಬಂತು, ಹೆಚ್ಚಾಗಿ ಕೊರಿಯನ್‌ನಲ್ಲಿರೋ ಹಾಡು, ಅದೂ ನೇರ ನಂಬರ್ ಒನ್, ಅಂಥಾ ಹಾಡಿಗೆ ಅದು ಮೊದಲ ಸಲ. ಅದರ ರೇಡಿಯೋ ಲೆಕ್ಕ? ಬರೀ 4.1 ಲಕ್ಷ. ಅದೇ ಗುಂಪು, ಅದೇ ವರ್ಷ, ಮೂರೇ ತಿಂಗಳ ಅಂತರ, ರೇಡಿಯೋ 28 ಪಟ್ಟು ಕಮ್ಮಿ. 'ಲೈಫ್ ಗೋಸ್ ಆನ್' ಮೇಲೆ ಹೋಗಿದ್ದು 1,50,000 ಮಾರಾಟದ ಬಲದಿಂದ. ಮೊದಲ ವಾರ ಕೊಂಡೋರು ಮುಂದಿನ ವಾರ ಮತ್ತೆ ಕೊಳ್ಳಲ್ವಲ್ಲ, ರೇಡಿಯೋ ಕೈ ಹಿಡಿಯಲಿಲ್ಲ, ಎರಡನೇ ವಾರಕ್ಕೆ 28ನೇ ಸ್ಥಾನಕ್ಕೆ ಇಳೀತು. ಡೈನಮೈಟ್ ಎರಡನೇ ವಾರವೂ ಒಂದರಲ್ಲೇ ಇತ್ತು.

ಹಾಗಾಗಿ ನನ್ನ ಶಾರ್ಟ್‌ಕಟ್ ಇದು: ಯಾವ ಹಾಡಾದ್ರೂ ಸರಿ, ಮೊದಲ ವಾರದ ಸ್ಥಾನ ನೋಡಿದ ಕೂಡ್ಲೆ ಎರಡನೇ ವಾರದ್ದೂ ನೋಡಿ. ದಬ್ ಅಂತ ಬಿದ್ರೆ ಅಭಿಮಾನಿಗಳು ಎತ್ತಿ ನಿಲ್ಲಿಸಿದ್ದು. ನಿಧಾನಕ್ಕೆ ಏರಿದ್ರೆ ಅಭಿಮಾನಿಗಳಲ್ಲದ ಜನ ಕೇಳ್ತಿದ್ದಾರೆ ಅಂತ ಲೆಕ್ಕ. 2023ರಲ್ಲಿ ಫಿಫ್ಟಿ ಫಿಫ್ಟಿ ಅನ್ನೋ ಹೊಸ ಗುಂಪು, ದೊಡ್ಡ ಕಂಪನಿಯದ್ದಲ್ಲ, ಅವರ 'ಕ್ಯುಪಿಡ್' ಹಾಡು ಟಿಕ್‌ಟಾಕ್‌ನಲ್ಲಿ ಹಬ್ಬಿ ಹಾಟ್ 100ರ ಕೊನೇ ಸ್ಥಾನದಿಂದ ಶುರುವಾಗಿ 17ರವರೆಗೆ ಏರ್ತು. ಬಾಕ್ಸುಗಟ್ಟಲೆ ಆಲ್ಬಮ್ ಕೊಳ್ಳೋ ಅಭಿಮಾನಿ ಪಡೆ ಅವರಿಗೆ ಇರ್ಲಿಲ್ಲ. ಸ್ಟ್ರೇ ಕಿಡ್ಸ್‌ಗೆ ಪಡೆ ಇತ್ತು, ದಾರೀಲಿ ಹೋಗೋ ಕೇಳುಗರು ಕಮ್ಮಿ. ಎರಡೂ ಜನಪ್ರಿಯತೆಯೇ, ಜಾತಿ ಬೇರೆ ಅಷ್ಟೇ, ಮೇಲಿನ ಪ್ರಶ್ನೆಗೆ ನನ್ನ ಉತ್ತರ ಇದೇ.

ಗಂಗ್ನಂ ಸ್ಟೈಲ್ ಯಾಕೆ ಎರಡರಲ್ಲೇ ನಿಲ್ತು

ಇದು ಸಿಲಬಸ್‌ನಲ್ಲಿ ಇಲ್ಲ, ಆದ್ರೂ ಬಿಡೋಕೆ ಮನಸ್ಸಿಲ್ಲ. ಕೊರಿಯನ್ ಗಾಯಕ ಸೈ ಅವರ 'ಗಂಗ್ನಂ ಸ್ಟೈಲ್' 2012ರ ಜುಲೈನಲ್ಲಿ ಬಂತು, ಡಿಸೆಂಬರ್‌ನಲ್ಲಿ ಯೂಟ್ಯೂಬ್‌ನಲ್ಲಿ 100 ಕೋಟಿ ವ್ಯೂ ದಾಟಿದ ಮೊದಲ ವಿಡಿಯೋ ಆಯ್ತು. ಊರೂರಲ್ಲಿ ಮದುವೆ ಮನೇಲಿ ಕುಣಿದ ಹಾಡು, ಹಾಟ್ 100ರಲ್ಲಿ ಮಾತ್ರ ಏಳು ವಾರ ಎರಡನೇ ಸ್ಥಾನದಲ್ಲೇ ಕೂತಿತ್ತು. ಕಾರಣ ಆಗ ಬಿಲ್‌ಬೋರ್ಡ್ ಯೂಟ್ಯೂಬ್ ವ್ಯೂಗಳನ್ನ ಹಾಟ್ 100ಕ್ಕೆ ಸೇರಿಸ್ತಾನೇ ಇರ್ಲಿಲ್ಲ, ಸೇರಿಸೋಕೆ ಶುರು ಮಾಡಿದ್ದು 2013ರ ಫೆಬ್ರವರೀಲಿ. ಕೆಲವೇ ತಿಂಗಳು ತಡವಾಗಿ ಬಂದಿದ್ರೆ ಒಂದನೇ ಸ್ಥಾನ ಸಿಕ್ತಿತ್ತು ಅಂತಲೇ ನನಗನ್ಸುತ್ತೆ. ನಿಯಮ ಯಾವಾಗ ಬದಲಾಯ್ತು ಅಂತ ನೋಡದೆ 2012ರ ಹಾಡನ್ನೂ 2020ರ ಹಾಡನ್ನೂ ಪಕ್ಕ ಇಟ್ಟು ಹೋಲಿಸ್ಬೇಡಿ. 2020ರಲ್ಲೂ ಹೀಗೇ, ಶೋ ಟಿಕೆಟ್ಟು ಟೀ ಶರ್ಟಿನ ಜೊತೆ ಕಟ್ಟಿ ಕೊಡ್ತಿದ್ದ ಆಲ್ಬಮ್‌ಗಳನ್ನ ಬಿಲ್‌ಬೋರ್ಡ್ ಲೆಕ್ಕದಿಂದ ಕೈಬಿಡ್ತು.

ನಾವು ಕೇಳಿದ್ದು ಎಲ್ಲಿ ಸೇರುತ್ತೆ

ಪಕ್ಕಕ್ಕೆ ಬರೆದಿಟ್ಟಿದ್ದು ಈಗ ತೆಗೀರಿ. ಬೆಂಗಳೂರಲ್ಲೋ ಶಿವಮೊಗ್ಗದಲ್ಲೋ ಕೂತು ಸಾವಿರ ಸಲ ಪ್ಲೇ ಮಾಡಿದ್ರೂ ಬಿಲ್‌ಬೋರ್ಡ್ 200ಕ್ಕೂ ಹಾಟ್ 100ಕ್ಕೂ ಅದು ಸೊನ್ನೆ. ಇಂಡೋನೇಷ್ಯಾ, ಫಿಲಿಪ್ಪೀನ್ಸ್, ಬ್ರೆಜಿಲ್, ಎಲ್ಲಾ ಸೊನ್ನೆ. ಕೆ-ಪಾಪ್ ಕೇಳೋ ಜನ ತುಂಬಿರೋ ದೇಶಗಳೇ ಲೆಕ್ಕದಿಂದ ಹೊರಗೆ. ಹಾಗಾಗಿ 'ಹೊರದೇಶದ ಜನಪ್ರಿಯತೆ' ಅಂತ ಶೀರ್ಷಿಕೆ ಕೊಟ್ಟು ಈ ಎರಡು ಪಟ್ಟಿ ಮಾತ್ರ ಹಾಕಿದ್ರೆ ಅದು ಒಂದು ದೇಶದ ಕಥೆ ಆಗುತ್ತೆ.

2020ರ ಸೆಪ್ಟೆಂಬರ್‌ನಲ್ಲಿ ಶುರುವಾದ, ಬಿಲ್‌ಬೋರ್ಡ್‌ನದ್ದೇ ಹಾಡುಗಳ ಗ್ಲೋಬಲ್ 200 ಪಟ್ಟಿ 200ಕ್ಕೂ ಹೆಚ್ಚು ದೇಶ ಪ್ರದೇಶಗಳ ಸ್ಟ್ರೀಮಿಂಗ್ ಮತ್ತು ಮಾರಾಟ ತಗೊಳ್ಳುತ್ತೆ, ನಮ್ಮದೂ ಸೇರುತ್ತೆ, ಫ್ರೀ ಪ್ಲೇಗೆ ತೂಕ ಕಮ್ಮಿ ಅಷ್ಟೇ. ಮುಖ್ಯವಾಗಿ ಅಲ್ಲಿ ರೇಡಿಯೋ ಇಲ್ಲ. ಗೋಡೆ ತೆಗೆದ್ರೆ ಏನಾಗುತ್ತೆ ಅಂತ ನೋಡೋಕೆ ಹೇಳಿ ಮಾಡಿಸಿದ ಹಾಗಿದೆ: 2022ರ ಆಗಸ್ಟ್‌ನಲ್ಲಿ ಬಂದ, ಬ್ಲ್ಯಾಕ್‌ಪಿಂಕ್ ಅನ್ನೋ ಕೊರಿಯನ್ ಹುಡುಗಿಯರ ಗುಂಪಿನ 'ಪಿಂಕ್ ವೆನಮ್' ಹಾಡು ಗ್ಲೋಬಲ್ 200ರಲ್ಲಿ ನಂಬರ್ ಒನ್, ಹಾಟ್ 100ರಲ್ಲಿ 22.

ಕೇಳುಗರು ಅಮೆರಿಕದ ಹೊರಗೂ ತುಂಬಿದ್ದಾರೆ ಅನ್ನೋದು ಕಂಪನಿಗಳಿಗೆ ನಮಗಿಂತ ಮೊದಲೇ ಗೊತ್ತು. ಬ್ಲ್ಯಾಕ್‌ಪಿಂಕ್‌ನ ಲಿಸಾ ಥಾಯ್ಲೆಂಡ್‌ನವರು, ಟ್ವೈಸ್ ಗುಂಪಿನಲ್ಲಿ ಮೂವರು ಜಪಾನಿನವರು ಒಬ್ಬರು ತೈವಾನ್‌ನವರು, 2022ರಲ್ಲಿ ಒಡಿಶಾದ ರೂರ್ಕೆಲಾದ ಶ್ರೇಯಾ ಲೆಂಕಾ ಬ್ಲ್ಯಾಕ್‌ಸ್ವಾನ್ ಗುಂಪಿಗೆ ಸೇರಿದ್ರು, 2025ರಲ್ಲಿ ಬಿಟಿಎಸ್‌ನ ಕಂಪನಿ ಹೈಬ್ ಮುಂಬೈನಲ್ಲಿ ಭಾರತದ ಶಾಖೆ ತೆರೀತು. ಅಸೈನ್‌ಮೆಂಟ್‌ಗೆ ನಾನು 'ಪಿಂಕ್ ವೆನಮ್' ತಗೊಂಡು ಎರಡೂ ಪಟ್ಟೀಲಿ ವಾರ ವಾರದ ಇಳಿಕೆ ಗ್ರಾಫ್ ಹಾಕ್ತಿದೀನಿ. ನೀವು ಬೇರೆ ಹಾಡು ತಗೊಳ್ಳಿ, ಒಂದು ಇಂಗ್ಲಿಷ್‌ನದ್ದು ಒಂದು ಕೊರಿಯನ್‌ನದ್ದು ಇದ್ರೆ ಒಳ್ಳೇದು, ಆಮೇಲೆ ಎಲ್ಲಾ ಗ್ರಾಫ್ ಒಟ್ಟಿಗೆ ಇಟ್ಟು ನೋಡೋಣ.