ಬಜ್ಪೆಯಲ್ಲಿ ವಿಮಾನ ಹತ್ತುವ ಜ್ವರ

ಕೊಲ್ಲಿ ದೇಶಗಳ ಶಾಲೆಗಳಿಗೆ ದೊಡ್ಡ ರಜೆ ಸಿಗುವುದು ಜುಲೈ, ಆಗಸ್ಟ್‌ನಲ್ಲಿ. ಕರಾವಳಿಯಲ್ಲಿ ಆಗ ಆಟಿಯ ಮಳೆ. ದುಬೈ, ದೋಹಾ, ಕುವೈತ್‌ನಿಂದ ಊರಿಗೆ ಬಂದ ಕುಟುಂಬಗಳು ತೋಟ, ಗುಡ್ಡೆ, ಬನ ಎಂದು ಸುತ್ತಾಡಿ ಬಜ್ಪೆಯಿಂದ ಮರಳುತ್ತವೆ. ಎಷ್ಟೋ ಸಲ ಜ್ವರ ಶುರುವಾಗುವುದು ಅಲ್ಲಿಗೆ ತಲುಪಿದ ಮೇಲೆ. ಪ್ರವಾಸಿಗರ ಜ್ವರ ಎಂದರೆ ವಿದೇಶಿಯರ ಕಾಯಿಲೆ ಎಂಬ ಭಾವನೆ ನಮ್ಮಲ್ಲಿದೆ; ಉಡುಪಿ, ಮಂಗಳೂರಿನ ಮಟ್ಟಿಗೆ ಆ ಪ್ರವಾಸಿ ನಮ್ಮ ಮನೆಯವರೇ.

ಇಂಥ ಜ್ವರಗಳಲ್ಲಿ ವೈದ್ಯರ ಕಣ್ಣು ಹೆಚ್ಚು ತಪ್ಪಿಸುವುದು ಸ್ಕ್ರಬ್ ಟೈಫಸ್. ಕಾಯಿಲೆ ಹೊಸದೇನಲ್ಲ. ನಾಲ್ಕನೇ ಶತಮಾನದಲ್ಲಿ ಚೀನಾದ ವೈದ್ಯ ಗೆ ಹಾಂಗ್ ಇದರ ಲಕ್ಷಣ ಬರೆದಿಟ್ಟಿದ್ದರು. ಜಪಾನಿನ ನಿಗಾಟಾ, ಅಕಿತಾ ಭಾಗದಲ್ಲಿ ನೆರೆ ಇಳಿದ ನದಿ ಬಯಲಿನ ರೈತರಿಗೆ ಇದು ಗೊತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಅಸ್ಸಾಂ-ಬರ್ಮಾ ಗಡಿಯಲ್ಲೂ ನ್ಯೂಗಿನಿಯಲ್ಲೂ ಸಾವಿರಾರು ಸೈನಿಕರು ಮಲಗಿದರು. 1948ರಲ್ಲಿ ಕ್ವಾಲಾಲಂಪುರದಲ್ಲಿ ಜೋಸೆಫ್ ಸ್ಮೇಡೆಲ್ ಅವರ ತಂಡ ಕ್ಲೋರಾಂಫೆನಿಕಾಲ್ ಕೊಟ್ಟು ನೋಡಿದಾಗ ಜ್ವರ ಬೇಗ ಇಳಿಯಿತು. ಯುದ್ಧ ಮುಗಿದಿತ್ತು, ಔಷಧ ಸಿಕ್ಕಿತ್ತು. ಕಾಯಿಲೆಯ ನೆನಪು ಮಾಸಿತು.

ಕಾಯಿಲೆ ಮಾತ್ರ ಹೋಗಿರಲಿಲ್ಲ. ಆಗೆಲ್ಲ ಜ್ವರಕ್ಕೆ ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್ ಧಾರಾಳವಾಗಿ ಕೊಡುತ್ತಿದ್ದರು, ಹೆಸರು ತಿಳಿಯದೆಯೇ ಇದೂ ವಾಸಿಯಾಗುತ್ತಿತ್ತು. ಮುಂದೆ ಪೆನಿಸಿಲಿನ್, ಸೆಫಲೋಸ್ಪೊರಿನ್ ಗುಂಪಿನ ಔಷಧಗಳು ಆ ಜಾಗಕ್ಕೆ ಬಂದವು. ಇದರ ರೋಗಾಣು ಓರಿಯೆಂಟಿಯಾ ನಮ್ಮ ಜೀವಕೋಶದ ಒಳಗೇ ಬೆಳೆಯುತ್ತದೆ, ಅವು ಅದಕ್ಕೆ ನಾಟುವುದಿಲ್ಲ. ಭಾರತದಲ್ಲಿ ಸ್ಕ್ರಬ್ ಟೈಫಸ್ ಮತ್ತೆ ಮೇಲೆದ್ದು ಕಂಡದ್ದಕ್ಕೆ ಇದೂ ಒಂದು ಕಾರಣ ಎಂದು ತಜ್ಞರು ಹೇಳುತ್ತಾರೆ.

ಇನ್ನೊಂದು ತೊಡಕು ಭೂಪಟದ್ದು. ಜಪಾನ್, ಉತ್ತರ ಆಸ್ಟ್ರೇಲಿಯಾ, ಪಾಕಿಸ್ತಾನ ಸೇರಿಸಿ ಎಳೆದ ತ್ರಿಕೋನದ ಆಚೆ ಈ ಕಾಯಿಲೆ ಇಲ್ಲ ಎಂದೇ ಪಠ್ಯಗಳು ಹೇಳುತ್ತಿದ್ದವು. 2006ರಲ್ಲಿ ದುಬೈಗೆ ಹೋಗಿಬಂದ ಆಸ್ಟ್ರೇಲಿಯಾದ ಪ್ರವಾಸಿಯೊಬ್ಬರಲ್ಲಿ ಇದರದ್ದೇ ಹೊಸ ಪ್ರಭೇದ ಸಿಕ್ಕಿತು. 2010ರಲ್ಲಿ ಅದಕ್ಕೆ ಓರಿಯೆಂಟಿಯಾ ಚುಟೊ ಎಂದು ಹೆಸರಿಟ್ಟರು. ಚಿಲಿ ದೇಶದ ಚಿಲೋಯೆ ದ್ವೀಪದಲ್ಲೂ ಪ್ರಕರಣಗಳು ಸಿಕ್ಕಿವೆ.

ಹರಡುವುದು ಸುಮಾರು 0.2 ಮಿ.ಮೀ. ಉದ್ದದ ನುಸಿಮರಿ. ಕುರುಚಲು ಗಿಡ, ಹುಲ್ಲು, ಇಲಿ-ಹೆಗ್ಗಣ ಓಡಾಡುವ ತೋಟದಂಚು ಅದರ ಜಾಗ. ಕಚ್ಚಿದ್ದು ಗೊತ್ತಾಗುವುದಿಲ್ಲ. 6ರಿಂದ 21 ದಿನದೊಳಗೆ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬರುತ್ತವೆ. ಪ್ಲೇಟ್‌ಲೆಟ್ ಇಳಿದರೆ ಡೆಂಗಿ ಎನ್ನುತ್ತಾರೆ. ವಿಡಾಲ್ ಪರೀಕ್ಷೆ ಅಲ್ಪಸ್ವಲ್ಪ ಪಾಸಿಟಿವ್ ಬಂದರೆ ಟೈಫಾಯ್ಡ್ ಎಂದು ಸೆಫಲೋಸ್ಪೊರಿನ್ ಗುಂಪಿನದೇ ಆದ ಸೆಫ್ಟ್ರಿಯಾಕ್ಸೋನ್ ಶುರುವಾಗುತ್ತದೆ. ಅಮೂಲ್ಯ ದಿನಗಳು ಹಾಳಾಗುವುದೇ ಇಲ್ಲಿ. ಎರಡನೇ ವಾರದಲ್ಲಿ ಶ್ವಾಸಕೋಶ, ಮೂತ್ರಪಿಂಡ, ಮಿದುಳಿಗೆ ಪೆಟ್ಟು ಬೀಳಬಹುದು.

ಆದ್ದರಿಂದ ಮೈಯನ್ನು ಪೂರ್ತಿ ನೋಡಬೇಕು. ತೊಡೆಸಂದು, ಕಂಕುಳು, ಸೊಂಟಪಟ್ಟಿಯ ಜಾಗ, ಸ್ತನದ ಕೆಳಭಾಗ, ಕಿವಿಯ ಹಿಂದೆ, ಮಕ್ಕಳಲ್ಲಿ ಜನನಾಂಗದ ಸುತ್ತ. ಸಿಗರೇಟಿನಿಂದ ಸುಟ್ಟಂಥ, ನೋವಿಲ್ಲದ ಕಪ್ಪು ಹಕ್ಕಳೆ ಕಂಡರೆ ರೋಗ ಬಹುಮಟ್ಟಿಗೆ ಗೊತ್ತಾದಂತೆ. ನೋವಿಲ್ಲದ ಕಾರಣ ರೋಗಿ ತಾನಾಗಿ ಹೇಳುವುದಿಲ್ಲ. ಹಕ್ಕಳೆ ಎಲ್ಲರಲ್ಲೂ ಇರುವುದಿಲ್ಲ ಎಂಬುದೂ ನೆನಪಿರಲಿ. ರಕ್ತದಲ್ಲಿ ಪ್ರತಿಕಾಯ ಹುಡುಕುವ ಐಜಿಎಂ ಎಲೈಸಾ ಪರೀಕ್ಷೆ ಮೊದಲ ವಾರ ನೆಗೆಟಿವ್ ಬರಬಹುದು. ಹಕ್ಕಳೆಯ ಚೂರಿನಿಂದ ಮಾಡುವ ಪಿಸಿಆರ್ ಆಗಲೂ ಉತ್ತರ ಕೊಡುತ್ತದೆ.

ಸಂಶಯ ಬಲವಾಗಿದ್ದರೆ ವರದಿಗೆ ಕಾಯದೆ ವೈದ್ಯರು ಡಾಕ್ಸಿಸೈಕ್ಲಿನ್ ಆರಂಭಿಸಬೇಕು: ದೊಡ್ಡವರಿಗೆ 100 ಮಿ.ಗ್ರಾಂ. ದಿನಕ್ಕೆ ಎರಡು ಬಾರಿ, ಸಾಮಾನ್ಯವಾಗಿ 7 ದಿನ. ಬಸುರಿಯರಿಗೆ ಅಜಿತ್ರೊಮೈಸಿನ್. ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಒಂದು ಲೋಟ ನೀರಿನ ಜೊತೆ ನುಂಗಿ ಅರ್ಧ ಗಂಟೆ ಮಲಗಬಾರದು, ಇಲ್ಲವಾದರೆ ಅನ್ನನಾಳದಲ್ಲಿ ಹುಣ್ಣಾಗಬಹುದು. ಕಬ್ಬಿಣದ ಮಾತ್ರೆ, ಆಸಿಡಿಟಿ ಔಷಧದ ಜೊತೆ ತೆಗೆದುಕೊಂಡರೆ ಅದು ಸರಿಯಾಗಿ ಮೈಗೆ ಹತ್ತುವುದಿಲ್ಲ. ಹೆಚ್ಚಿನವರಲ್ಲಿ 48 ಗಂಟೆಯೊಳಗೆ ಜ್ವರ ಇಳಿಯುತ್ತದೆ. ಇಳಿಯದಿದ್ದರೆ ಬೇರೆ ರೋಗ ಹುಡುಕಬೇಕು. ಕಾಯಿಲೆ ತೀವ್ರವಾದಾಗ ಡಾಕ್ಸಿಸೈಕ್ಲಿನ್, ಅಜಿತ್ರೊಮೈಸಿನ್ ಎರಡನ್ನೂ ರಕ್ತನಾಳಕ್ಕೆ ಕೊಡುವುದು ಒಂದನ್ನೇ ಕೊಡುವುದಕ್ಕಿಂತ ಒಳ್ಳೆಯದೆಂದು 2023ರಲ್ಲಿ ಪ್ರಕಟವಾದ ಭಾರತದ ಅಧ್ಯಯನ ತೋರಿಸಿದೆ.

ವಿದೇಶದ ವೈದ್ಯರಿಗೆ ಸುಮ್ಮನೆ ಊರಿಗೆ ಹೋಗಿದ್ದೆ ಎಂದರೆ ಸಾಲದು. ಬಂದ ದಿನ, ಹೊರಟ ದಿನ, ಜ್ವರ ಬಂದ ದಿನ, ತೋಟ-ಗದ್ದೆಗೆ ಇಳಿದದ್ದು, ಇಷ್ಟನ್ನು ಬರೆದು ಕೊಡಬೇಕು. ಊರು ಬಿಟ್ಟು ಮೂರು ವಾರ ದಾಟಿದ ಮೇಲೆ ಬಂದ ಜ್ವರ ಊರಿನ ಡೆಂಗಿ ಅಲ್ಲ, ಸ್ಕ್ರಬ್ ಟೈಫಸ್ ಆಗಿರುವ ಸಾಧ್ಯತೆಯೂ ಕಡಿಮೆ. ಇಲಿ ಜ್ವರ ಕೆಲವೊಮ್ಮೆ ತಿಂಗಳವರೆಗೂ ಕಾಯುತ್ತದೆ. ಮಂಗಳೂರಿಗೆ ಹಳೆಯ ಪರಿಚಯವಿರುವ ವೈವಾಕ್ಸ್ ಮಲೇರಿಯಾ ತಿಂಗಳುಗಟ್ಟಲೆ ಯಕೃತ್ತಿನಲ್ಲಿ ಅಡಗಿದ್ದು ಏಳಬಲ್ಲದು.

ಸಕ್ಕರೆ ಕಾಯಿಲೆ ಇರುವವರ ವಿಷಯದಲ್ಲಿ ಇನ್ನೂ ಒಂದನ್ನು ಹೇಳಲೇಬೇಕು: ಕರಾವಳಿಯ ಮಣ್ಣು-ನೀರಿನಿಂದ ಮಳೆಗಾಲದಲ್ಲಿ ಬರುವ ಮೆಲಿಯಾಯ್ಡೋಸಿಸ್. ಎದೆಯ ಎಕ್ಸ್‌ರೇಯಲ್ಲಿ ಕ್ಷಯದಂತೆ ಕಾಣುತ್ತದೆ, ಯಕೃತ್ತು, ಗುಲ್ಮದಲ್ಲಿ ಕೀವು ಕಟ್ಟುತ್ತದೆ. ಕನಿಷ್ಠ 10-14 ದಿನ ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್, ಆಮೇಲೆ ಸುಮಾರು 3 ತಿಂಗಳು ಕೋಟ್ರೈಮಾಕ್ಸಜೋಲ್ ಬೇಕು. ಮಧ್ಯದಲ್ಲಿ ಬಿಟ್ಟರೆ ಮರುಕಳಿಸಬಹುದು. ರೋಗಾಣುವನ್ನು ಬೆಳೆಸಿ ಗುರುತಿಸುವ ಕಲ್ಚರ್ ಪರೀಕ್ಷೆಗೆ ಮಾದರಿ ಕಳಿಸುವಾಗ ಈ ಸಂಶಯವನ್ನು ಚೀಟಿಯಲ್ಲಿ ಬರೆಯಬೇಕು. ಇದನ್ನು ಕಂಡಿರದ ಲ್ಯಾಬ್‌ನವರು ಮಾದರಿ ಕೆಟ್ಟಿದೆ ಎಂದೋ ಸಾಮಾನ್ಯ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ಎಂದೋ ಬದಿಗಿಡುವುದುಂಟು.