ಶಾಸಕ ಸ್ಥಾನ ಬಿಟ್ಟ ಮರುದಿನವೇ ಲಾಬಿಗಾರರಾಗಬಹುದೇ?

ಓದುಗರ ಪ್ರಶ್ನೆ: ಅಮೆರಿಕದಲ್ಲಿ ರಾಜ್ಯದ ಶಾಸಕರಾಗಿದ್ದವರು ಅವಧಿ ಮುಗಿದ ಕೂಡಲೇ ಕಂಪನಿಗಳ ಪರವಾಗಿ ಲಾಬಿಗೆ ಇಳಿಯಲು ಕಾನೂನಿನ ಅಡ್ಡಿಯಿಲ್ಲವೇ?

ಉತ್ತರ: ಅದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಮ್ಮ ಪತ್ರಿಕೆಗಳಲ್ಲಿ ಲಾಬಿ ಎಂದರೆ ಮಂತ್ರಿಗಿರಿಗೋ ಚುನಾವಣಾ ಟಿಕೆಟ್ಟಿಗೋ ನಡೆಯುವ ಓಡಾಟ. ಅಲ್ಲಿ ಅದು ಹೆಸರು ನೋಂದಾಯಿಸಿಕೊಂಡು, ಶುಲ್ಕ ಪಡೆದು, ಗಿರಾಕಿಯ ಪರವಾಗಿ ಶಾಸಕರ ಮನವೊಲಿಸುವ ವೃತ್ತಿ. ಕ್ಯಾಲಿಫೋರ್ನಿಯಾದಲ್ಲಿ ಮಾಜಿ ಶಾಸಕರು ಒಂದು ವರ್ಷ ಕಾಯಬೇಕು. ಫ್ಲಾರಿಡಾದ ಮತದಾರರು 2018ರಲ್ಲಿ ರಾಜ್ಯದ ಸಂವಿಧಾನಕ್ಕೇ ತಿದ್ದುಪಡಿ ತಂದು, 2 ವರ್ಷಗಳ ನಿರ್ಬಂಧವನ್ನು 6 ವರ್ಷಗಳಿಗೆ ಏರಿಸಿದರು.

ಮಿಷಿಗನ್ ರಾಜ್ಯದ ಮಾಜಿ ಶಾಸಕ ರಿಕ್ ಜಾನ್ಸನ್ ಅವರಿಗೆ ಇಂಥ ಯಾವ ಕಾಯುವಿಕೆಯೂ ಇರಲಿಲ್ಲ. ಅಲ್ಲಿನ ಕಾನೂನು ಅವಧಿಯ ನಡುವೆ ರಾಜೀನಾಮೆ ಕೊಟ್ಟವರನ್ನಷ್ಟೇ, ಅದೂ ಆ ಅವಧಿ ಮುಗಿಯುವವರೆಗೆ, ತಡೆಯುತ್ತಿತ್ತು. ಹೈನುಗಾರರಾಗಿದ್ದ ಜಾನ್ಸನ್, ರಿಪಬ್ಲಿಕನ್ ಪಕ್ಷದಿಂದ ಕೆಳಮನೆಗೆ ಆರಿಸಿ ಬಂದು, 2001ರಿಂದ 2004ರವರೆಗೆ ಸ್ಪೀಕರ್ ಆಗಿದ್ದರು. 1992ರಲ್ಲಿ ಮತದಾರರೇ ತಂದಿದ್ದ ನಿಯಮದ ಪ್ರಕಾರ ಕೆಳಮನೆಯಲ್ಲಿ ಒಬ್ಬರು 6 ವರ್ಷಕ್ಕಿಂತ ಹೆಚ್ಚು ಇರುವಂತಿರಲಿಲ್ಲವಾದ್ದರಿಂದ ಅವರು ಹೊರಬಂದರು. ಬಂದವರು, ಡೆಮಾಕ್ರಟಿಕ್ ಪಕ್ಷದ ಮಾಜಿ ಸ್ಪೀಕರ್ ಲೂ ಡೋಡಾಕ್ ಅವರೊಂದಿಗೆ ಸೇರಿ ಲಾಬಿ ಸಂಸ್ಥೆ ನಡೆಸಿದರು. ಎದುರುಬದುರು ಪಕ್ಷಗಳ ಇಬ್ಬರು ಮಾಜಿ ಸ್ಪೀಕರ್‌ಗಳು ಒಂದೇ ನಾಮಫಲಕದಡಿ ಕುಳಿತರೆ, ಸದನದಲ್ಲಿ ಯಾರ ಬಹುಮತವಿದ್ದರೂ ಗಿರಾಕಿಗೆ ಚಿಂತೆಯಿಲ್ಲ. ಮಸೂದೆ ಯಾವ ಸಮಿತಿಯಲ್ಲಿ ಕುಂಟುತ್ತದೆ, ಯಾವ ಸದಸ್ಯರ ಮಾತಿಗೆ ತೂಕವಿದೆ ಎಂಬ ತಿಳಿವಳಿಕೆ ಜನರ ಖರ್ಚಿನಲ್ಲಿ ಗಳಿಸಿದ್ದು. ಹೊಸ ಶಾಸಕರು ಅದನ್ನು ಕಲಿಯುವಷ್ಟರಲ್ಲಿ ಅವರ 6 ವರ್ಷವೂ ತೀರುತ್ತಿತ್ತು. ಅನುಭವವೆಲ್ಲ ಸದನದ ಹೊರಗೆ, ಹಣ ಕೊಟ್ಟವರ ಕೈಗೆ ಸಿಗುವಂತೆ ಉಳಿಯುತ್ತಿತ್ತು. ಇದರಲ್ಲಿ ಯಾವುದೂ ಅಪರಾಧವಲ್ಲ, ನನ್ನನ್ನು ಕಾಡುವುದೂ ಅದೇ.

ಅಪರಾಧ ನಡೆದದ್ದು ಆಮೇಲೆ. 2017ರಲ್ಲಿ ಜಾನ್ಸನ್ ಅವರನ್ನು ವೈದ್ಯಕೀಯ ಗಾಂಜಾ ವ್ಯಾಪಾರಕ್ಕೆ ಪರವಾನಗಿ ಕೊಡುವ ರಾಜ್ಯ ಮಂಡಳಿಯ ಅಧ್ಯಕ್ಷರನ್ನಾಗಿ ನೇಮಿಸಲಾಯಿತು. ಪರವಾನಗಿ ಬಯಸಿದವರ ಕಡೆಯಿಂದ ನಗದು, ಕೆನಡಾಕ್ಕೆ ಬಾಡಿಗೆ ವಿಮಾನದ ಪ್ರಯಾಣ ಮುಂತಾಗಿ 1,10,000 ಡಾಲರ್‌ಗೂ ಮೀರಿದ ಲಂಚ ಅವರಿಗೆ ಸಂದಿತು. ಕೊಟ್ಟವರಲ್ಲಿ ಇಬ್ಬರು ಲಾಬಿಗಾರರೂ ಇದ್ದರು. 2023ರಲ್ಲಿ ತಪ್ಪೊಪ್ಪಿಕೊಂಡ ಜಾನ್ಸನ್ ಅವರಿಗೆ ಫೆಡರಲ್ ನ್ಯಾಯಾಲಯ 55 ತಿಂಗಳ ಸೆರೆವಾಸ ವಿಧಿಸಿತು.

ಹಾಗಾದರೆ ಫ್ಲಾರಿಡಾದಂಥ ನಿರ್ಬಂಧ ಇದ್ದಿದ್ದರೆ ಇದು ತಪ್ಪುತ್ತಿತ್ತೇ ಎಂದು ಕೇಳಿದರೆ, ಇಲ್ಲ ಎಂದೇ ಹೇಳಬೇಕಾಗುತ್ತದೆ, ಏಕೆಂದರೆ ಮಂಡಳಿಗೆ ಬರುವ ಹೊತ್ತಿಗೆ ಅವರು ಸದನ ಬಿಟ್ಟು 12 ವರ್ಷ ಕಳೆದಿತ್ತು. ಆ ನಿಯಮ ಸದನದಿಂದ ಲಾಬಿಗೆ ಹೋಗುವ ಬಾಗಿಲನ್ನು ಕಾಯುತ್ತದೆ. ಜಾನ್ಸನ್ ಅಧಿಕಾರಕ್ಕೆ ಮರಳಿದ್ದು ಲಾಬಿಯಿಂದ ಒಳಬರುವ ಬಾಗಿಲಿನಲ್ಲಿ. ಲಾಬಿ ವೃತ್ತಿ ತೊರೆದವರು ಪರವಾನಗಿಗೆ ಸಹಿ ಹಾಕುವ ಕುರ್ಚಿಯಲ್ಲಿ ಕೂರಲು ಎಷ್ಟು ವರ್ಷ ಕಾಯಬೇಕು ಎಂಬುದನ್ನೂ ಕಾನೂನು ಹೇಳಬೇಕಿತ್ತು.