ಬ್ರಿಕ್ಸ್ ಮೀಟರ್ ನಿಜಕ್ಕೂ ಅಳೆಯುವುದೇನು?

ನಮ್ಮ ಬೀದರ್ ಕಡೆ ಗಾಣದಲ್ಲಿ ಬೆಲ್ಲದ ಹದ ನೋಡುವವರು ಕುದಿಯುವ ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಸಕ್ಕರೆ ಕಾರ್ಖಾನೆಯಲ್ಲಿ ಈ ಕೆಲಸ ರಿಫ್ರ್ಯಾಕ್ಟೋಮೀಟರಿನದು, ಅಂದರೆ ಬ್ರಿಕ್ಸ್ ಮೀಟರಿನದು. ಅಪ್ರೆಂಟಿಸ್ ಆಗಿದ್ದಾಗ ನಾನು ಅದು ಸಕ್ಕರೆಯನ್ನೇ ಅಳೆಯುತ್ತದೆ ಅಂದುಕೊಂಡಿದ್ದೆ. ಅದು ನೋಡುವುದು ಬೆಳಕನ್ನು ಮಾತ್ರ.

ಪೈಪಿನೊಳಗೆ ಪಾಕಕ್ಕೆ ತಾಗುವಂತೆ ಒಂದು ಪ್ರಿಸಂ ಇರುತ್ತದೆ. ಗಾಜಿನೊಳಗಿಂದ ಬಂದ ಬೆಳಕು ಒಂದು ಕೋನ ದಾಟಿದರೆ ಪಾಕದೊಳಗೆ ಹೋಗದೆ ಪೂರ್ತಿ ಹಿಂದಿರುಗುತ್ತದೆ. ಕರಗಿದ್ದು ಹೆಚ್ಚಾದಷ್ಟೂ ಆ ಕೋನ ಹಿಗ್ಗುತ್ತದೆ, ಬೆಳಕು-ನೆರಳಿನ ಗಡಿ ಸರಿಯುತ್ತದೆ. ಗಡಿ ಎಲ್ಲಿದೆ ಎನ್ನುವುದೇ ಮೀಟರಿನ ಓದು (ರೀಡಿಂಗ್). ಬೆಳಕು ಪಾಕವನ್ನು ಹಾಯ್ದು ಹೋಗಬೇಕಿಲ್ಲ, ಹಾಗಾಗಿ ಬಣ್ಣ, ಗುಳ್ಳೆ, ಬಗಾಸ್ (ಕಬ್ಬಿನ ಸಿಪ್ಪೆ) ಪುಡಿ ಅಷ್ಟಾಗಿ ಕಾಡುವುದಿಲ್ಲ. ತೇಲಿಸಿ ನೋಡುವ ಹೈಡ್ರೋಮೀಟರಿಗೆ ಗುಳ್ಳೆ, ಪುಡಿ ತಲೆನೋವು.

1 ಬ್ರಿಕ್ಸ್ ಎಂದರೆ 100 ಗ್ರಾಂ ದ್ರಾವಣದಲ್ಲಿ 1 ಗ್ರಾಂ ಸುಕ್ರೋಸ್. ಆದರೆ ಕಬ್ಬಿನ ಹಾಲಿನಲ್ಲಿ ಲವಣ, ಗ್ಲೂಕೋಸ್ ಕೂಡ ಕರಗಿರುತ್ತವೆ, ಮೀಟರ್ ಎಲ್ಲವನ್ನೂ ಸೇರಿಸಿ ಎಣಿಸುತ್ತದೆ. ಸಕ್ಕರೆ ಎಷ್ಟೆಂದು ತಿಳಿಯಲು ಲ್ಯಾಬಿನ ಪೋಲಾರಿಮೀಟರೇ ಬೇಕು. ಬ್ರಿಕ್ಸ್ 15, ಪೋಲ್ (ಪೋಲಾರಿಮೀಟರ್ ತೋರಿಸುವ ಸಕ್ಕರೆಯ ಶೇಕಡಾ ಪ್ರಮಾಣ) 12.6 ಬಂದರೆ ಪ್ಯೂರಿಟಿ, ಅಂದರೆ ಕರಗಿದ್ದರಲ್ಲಿ ಸಕ್ಕರೆಯ ಪಾಲು, ಶೇಕಡಾ 84.

ಮಾಪನದ ಆಧಾರ 20 ಡಿಗ್ರಿ ಸೆಲ್ಸಿಯಸ್. ನಮ್ಮಲ್ಲಿ ಫೆಬ್ರವರಿ ಮಧ್ಯಾಹ್ನಕ್ಕೇ ಲ್ಯಾಬ್ 30 ಡಿಗ್ರಿ ಮುಟ್ಟುತ್ತದೆ. ಆಗ ಸಾದಾ ಕೈಮೀಟರಿನ ಓದಿಗೆ ಸುಮಾರು 0.8 ಕೂಡಿಸಬೇಕು. ತಾನೇ ಉಷ್ಣತೆ ಸರಿದೂಗಿಸುವ ಮೀಟರಿಗೂ ಇದನ್ನು ಕೂಡಿಸಿದರೆ ಎರಡು ಸಲ ಲೆಕ್ಕ ಹಾಕಿದಂತೆ. ಪರೀಕ್ಷೆಯಲ್ಲಿ ನಾನು ಇಲ್ಲೇ ಎಡವಿದ್ದೆ.

ಇಷ್ಟು ಪರದಾಟ ಯಾಕೆ? 15 ಬ್ರಿಕ್ಸಿನ 100 ಟನ್ ಹಾಲನ್ನು 60ಕ್ಕೆ ತಂದರೆ 25 ಟನ್ ಪಾಕ ಉಳಿಯುತ್ತದೆ. 55ಕ್ಕೇ ಬಿಟ್ಟರೆ 27.3 ಟನ್. ಹೆಚ್ಚುವರಿ 2.3 ಟನ್ ನೀರನ್ನು ಮುಂದಿನ ಹಂತದಲ್ಲಿ, ಹರಳು ಕಟ್ಟಿಸುವ ಪ್ಯಾನಿನಲ್ಲಿ ಹಾರಿಸಬೇಕು. ಹಾಲನ್ನು ಕುದಿಸಿ ಪಾಕ ಮಾಡುವ ನಾಲ್ಕು ಹಂತದ ಎವಾಪರೇಟರಿನಲ್ಲಿ 1 ಟನ್ ಆವಿ ಹೆಚ್ಚುಕಡಿಮೆ 4 ಟನ್ ನೀರು ಹಾರಿಸುತ್ತದೆ, ಪ್ಯಾನಿನಲ್ಲಿ ಟನ್ನಿಗೆ ಟನ್ನೇ. ಹಾಗಂತ ಪಾಕವನ್ನು 70 ದಾಟಿಸಿದರೆ, ಸ್ವಲ್ಪ ತಣ್ಣಗಾದರೂ ಲೈನಿನಲ್ಲೇ ಹರಳು ಕಟ್ಟುತ್ತದೆ.

ಪೈಪಿನ ಮೀಟರಿನ ಓದು ಕಂಟ್ರೋಲ್ ರೂಮಿಗೆ ಬರುವುದು 4ರಿಂದ 20 ಮಿಲಿಆಂಪ್ ವಿದ್ಯುತ್ ಸಂಕೇತವಾಗಿ. ರೇಂಜ್ 40ರಿಂದ 80 ಇದ್ದರೆ 12 ಮಿಲಿಆಂಪ್ ಎಂದರೆ 60 ಬ್ರಿಕ್ಸ್, 14 ಎಂದರೆ 65.

ಒಂದು ರಾತ್ರಿ ಪಾಳಿಯಲ್ಲಿ ಎರಡು ತಾಸು ಕಂಟ್ರೋಲ್ ರೂಮಿನ ಗ್ರಾಫಿನಲ್ಲಿ 64 ಬ್ರಿಕ್ಸಿನ ಗೆರೆ ಅಲುಗಲೇ ಇಲ್ಲ. ಪಾಕ ಎಷ್ಟು ಸ್ಥಿರವಾಗಿದೆ ಎಂದು ನಾನು ಖುಷಿಪಡುತ್ತಿದ್ದೆ. ಹಿರಿಯ ಫಿಟ್ಟರ್ ಕಾಕಾ ಬಂದು ನೋಡಿದರು: "ಗೆರಿ ಇಷ್ಟು ನೆಟ್ಟಗ ಅದ ಅಂದ್ರ ಮೀಟರ್ ಮಲ್ಕೊಂಡದ ತಮ್ಮಾ. ಹೋಗಿ ತೊಳಿ." ಲ್ಯಾಬ್ ಓದು 57 ಬಂತು. ಪ್ರಿಸಂ ಮೇಲೆ ಕಂದು ಬಣ್ಣದ ತೆಳು ಪೊರೆ ಕೂತಿತ್ತು, ಮೀಟರ್ ಅಷ್ಟು ಹೊತ್ತೂ ಓದುತ್ತಿದ್ದದ್ದು ಆ ಪೊರೆಯನ್ನು. ಆವಿಯಿಂದ ಪ್ರಿಸಂ ತೊಳೆಯುವ ವಾಲ್ವ್ ಜಾಮ್ ಆಗಿತ್ತು. ತೊಳೆದ ಮೇಲೆ ಡಿಸ್ಟಿಲ್ಡ್ ನೀರಿನಲ್ಲಿ ಸೊನ್ನೆ ನೋಡಿಕೊಂಡೆವು. ನಿಜವಾದ ಪಾಕದ ಗೆರೆ ಸದಾ ತುಸು ಏರಿಳಿಯುತ್ತಲೇ ಇರುತ್ತದೆ.

ಹೋಲಿಸಿ ನೋಡಲು ತೆಗೆದ ಬಿಸಿ ಪಾಕವನ್ನು ಮುಚ್ಚಳ ಬಿಗಿದ ಬಾಟಲಿಯಲ್ಲೇ ತಣಿಸಿ. ಬಾಯಿ ತೆರೆದಿಟ್ಟರೆ ನೀರು ಆರಿ ಲ್ಯಾಬ್ ಓದೇ ಏರುತ್ತದೆ, ಆಮೇಲೆ ಸರಿಯಾಗಿರುವ ಮೀಟರನ್ನು ಬಿಚ್ಚಿ ಕೂರುತ್ತೀರಿ.